ಮಗು ಕರೆದಾಗ

ನನ್ನ ಮಗಳು ಹುಟ್ಟಿದ್ದು 2017ರಲ್ಲಿ, ದಿನ ತುಂಬುವುದಕ್ಕೆ ಇನ್ನೂ ಎಂಟು ವಾರ ಇರುವಾಗ. ತೂಕ 1,460 ಗ್ರಾಂ. ಹುಟ್ಟಿದ ಕೂಡಲೇ ಅವಳನ್ನು ಎತ್ತಿಕೊಂಡು ಹೋದರು. ಬಟ್ಟೆಯ ಸಂದಿಯಿಂದ ಹೊರಗೆ ಚಾಚಿದ್ದ ಒಂದು ಪುಟ್ಟ ಪಾದ ಮಾತ್ರ ನನ್ನ ಕಣ್ಣಿಗೆ ಬಿತ್ತು. ಆಮೇಲಿನ ಎಂಟು ದಿನ ನಾನು ಅವಳನ್ನು ನೋಡಿದ್ದೆಲ್ಲ ಗಾಜಿನ ಆಚೆಯಿಂದ.

ಅಲ್ಲಿ ಯಾರೂ ಕೆಟ್ಟವರಿರಲಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಎನ್‌ಐಸಿಯುನಲ್ಲಿದ್ದವರು, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದವರು, ಹಗಲು ರಾತ್ರಿ ಎನ್ನದೆ ದುಡಿಯುತ್ತಿದ್ದರು. ಆದರೆ ಆ ಆಸ್ಪತ್ರೆಯ ನಿಯಮ ಹಾಗಿತ್ತು: ಮಗು ‘ಸ್ಟೇಬಲ್’ ಆಗುವ ತನಕ ತಾಯಿ ಹೊರಗೇ ಇರಬೇಕು. ನಾನು ಮೂರು ಗಂಟೆಗೊಮ್ಮೆ ಹಾಲು ಹಿಂಡಿ ತಂದು ಕೊಡುತ್ತಿದ್ದೆ. ಬಾಗಿಲ ಸಂದಿಯಿಂದ ಒಂದು ಕೈ ಬಂದು ಬಟ್ಟಲನ್ನು ತೆಗೆದುಕೊಳ್ಳುತ್ತಿತ್ತು. ನನಗೂ ನನ್ನ ಮಗುವಿಗೂ ಇದ್ದ ನಂಟು ಅಷ್ಟೇ. ಒಂಬತ್ತನೇ ದಿನ ಬೆಳಿಗ್ಗೆ ಪಾಳಿಗೆ ಬಂದ ಹಿರಿಯ ಸಿಸ್ಟರ್ ಒಬ್ಬರು ಬಾಗಿಲು ತೆರೆದು, “ಬಾಮ್ಮಾ ಒಳಗೆ. ಮೊಣಕೈ ತನಕ ತೊಳ್ಕೊಂಡು ಬಾ. ಮುಂದೆ ಗುಂಡಿ ಇರೋ ಅಂಗಿ ಇದೆ ತಾನೇ?” ಅಂದರು.

ಅವರು ಮಗಳ ಬಟ್ಟೆಯನ್ನೆಲ್ಲ ಬಿಚ್ಚಿ, ಟೋಪಿ, ಕಾಲುಚೀಲ, ಡೈಪರ್ ಇಷ್ಟನ್ನೇ ಉಳಿಸಿದರು. ನನ್ನನ್ನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿಸಿ, ಎದೆಯ ನಟ್ಟನಡುವೆ ಅವಳನ್ನು ನೆಟ್ಟಗೆ ಇಟ್ಟರು. ಕಾಲುಗಳನ್ನು ಕಪ್ಪೆಯ ಹಾಗೆ ಮಡಚಿದರು. ತಲೆಯನ್ನು ಒಂದು ಪಕ್ಕಕ್ಕೆ ಹೊರಳಿಸಿ, ಉಸಿರಿಗೆ ಅಡ್ಡಿಯಾಗದಂತೆ ಗದ್ದವನ್ನು ಚೂರು ಮೇಲೆತ್ತಿದರು. ಮೇಲಿನಿಂದ ಅಗಲದ ಬಟ್ಟೆಯೊಂದನ್ನು ಅವಳ ಕಿವಿಯ ಕೆಳಗಿನವರೆಗೆ ಬಿಗಿದು ಕಟ್ಟಿದರು. ಮೊದಲು ನನಗೆ ಏನೂ ಗೊತ್ತಾಗಲಿಲ್ಲ, ಅಷ್ಟು ಹಗುರ. ಸ್ವಲ್ಪ ಹೊತ್ತಿಗೆ ನನ್ನ ಚರ್ಮದ ಮೇಲೆ ಒಂದು ಬಿಸುಪು, ಹಕ್ಕಿಯ ಎದೆಯಂತೆ ಬಡಿಯುವ ಒಂದು ಬಡಿತ. ಅಷ್ಟು ದಿನ ಆಗಾಗ ಕೂಗಿಕೊಳ್ಳುತ್ತಿದ್ದ ಮಾನಿಟರ್ ಆ ಒಂದು ಗಂಟೆ ಸುಮ್ಮನಿತ್ತು. ಸಿಸ್ಟರ್ ಅದನ್ನು ಕಣ್ಣಲ್ಲೇ ತೋರಿಸಿದರು, ಬಾಯಿಬಿಟ್ಟು ಏನೂ ಹೇಳಲಿಲ್ಲ.

ಆ ಬಟ್ಟೆ ಕಟ್ಟುವ ವಿದ್ಯೆ ಅವರ ಕೈಗೆ ಎಲ್ಲಿಂದ ಬಂತು ಅನ್ನುವ ಪ್ರಶ್ನೆ ನನ್ನನ್ನು ಆಗ ಕಾಡಲಿಲ್ಲ. ಮಗಳನ್ನು ಮನೆಗೆ ಕರೆತಂದು, ನಿದ್ದೆಯಿಲ್ಲದ ರಾತ್ರಿಗಳಲ್ಲಿ ಓದುತ್ತಾ ಕೂತಾಗ ಕಾಡತೊಡಗಿತು.

ಅದು ಕೊಲಂಬಿಯಾದ ಬೊಗೊಟಾ ನಗರದಿಂದ ಹೊರಟ ವಿದ್ಯೆ. 1978ರಲ್ಲಿ ಅಲ್ಲಿನ ದೊಡ್ಡ ಹೆರಿಗೆ ಆಸ್ಪತ್ರೆಯಲ್ಲಿ ಎಡ್ಗರ್ ರೇ ಸನಾಬ್ರಿಯಾ ಎಂಬ ಮಕ್ಕಳ ವೈದ್ಯರಿದ್ದರು. ಇನ್‌ಕ್ಯುಬೇಟರ್‌ಗಳು ಸಾಲದೆ ಒಂದರಲ್ಲೇ ಎರಡು ಮೂರು ಮಕ್ಕಳನ್ನು ಮಲಗಿಸಬೇಕಾಗುತ್ತಿತ್ತು. ಒಂದು ಮಗುವಿನ ಸೋಂಕು ಪಕ್ಕದ ಮಗುವಿಗೆ ಅಂಟುತ್ತಿತ್ತು. ವಾರಗಟ್ಟಲೆ ಮಗುವನ್ನು ಮುಟ್ಟದೆ ದೂರ ಉಳಿದ ತಾಯಂದಿರಲ್ಲಿ ಕೆಲವರು ಮತ್ತೆ ಬರುತ್ತಲೇ ಇರಲಿಲ್ಲ. ಇಂಥ ಕಡೆ ಅವರು ಮಗುವನ್ನು ತಾಯಿಯ ಎದೆಗೇ ಕಟ್ಟಿದರು. ಮರುವರ್ಷ ಹೆಕ್ಟರ್ ಮಾರ್ಟಿನೆಸ್ ಎಂಬ ಇನ್ನೊಬ್ಬ ವೈದ್ಯರು ಜೊತೆಗೂಡಿದರು. ಮರಿಯನ್ನು ಹೊಟ್ಟೆಯ ಚೀಲದಲ್ಲಿಟ್ಟುಕೊಂಡು ಬೆಳೆಸುವ ಪ್ರಾಣಿಯ ಹೆಸರು ಅದಕ್ಕೆ ಅಂಟಿಕೊಂಡಿತು: ಕಾಂಗರೂ ಆರೈಕೆ.

ಇಲ್ಲದಿಕೆಯಲ್ಲಿ ಹುಟ್ಟಿದ್ದೇ ಅದಕ್ಕೆ ಮುಳುವಾಯಿತು. ಯುನಿಸೆಫ್ ಮೂಲಕ ಸುದ್ದಿ ಹರಡಿದರೂ ‘ಬಡವರ ಇನ್‌ಕ್ಯುಬೇಟರ್’ ಎಂದು ಅನೇಕರು ಪಕ್ಕಕ್ಕಿಟ್ಟರು. ಯಂತ್ರ ಇದ್ದವರಿಗೆ ಇದು ಯಾಕೆ ಬೇಕು ಅನ್ನುವುದು ಅವರ ವಾದ. ಫ್ರಾನ್ಸ್ ಮೂಲದ ವೈದ್ಯೆ ನಥಾಲಿ ಶರ್ಪಾಕ್ ಬೊಗೊಟಾದಲ್ಲೇ ನೆಲೆನಿಂತು, 1993ರಿಂದ 700ಕ್ಕೂ ಹೆಚ್ಚು ಮಕ್ಕಳ ಮೇಲೆ ಕ್ರಮಬದ್ಧ ಅಧ್ಯಯನ ನಡೆಸಿದರು. ಅಷ್ಟಕ್ಕೇ ಬಿಡಲಿಲ್ಲ. ಇಪ್ಪತ್ತು ವರ್ಷ ಕಳೆದ ಮೇಲೆ ಅವರ ತಂಡ ಅದೇ ಮಕ್ಕಳನ್ನು, ಆಗ ಬೆಳೆದ ಯುವಕ ಯುವತಿಯರನ್ನು, ಹುಡುಕಿಕೊಂಡು ಹೋಯಿತು. ಎದೆಗೆ ಕಟ್ಟಿಕೊಂಡು ಬೆಳೆಸಿದವರು ಶಾಲೆ ತಪ್ಪಿಸಿದ್ದು ಕಡಿಮೆ; ಅತಿಚಟುವಟಿಕೆ, ಸಿಡುಕು ಕಡಿಮೆ. 2017ರಲ್ಲಿ ಆ ವರದಿ ಪ್ರಕಟವಾಯಿತು. ನನ್ನ ಮಗಳು ಗಾಜಿನ ಆಚೆ ಮಲಗಿದ್ದ ವರ್ಷ.

ಅದೇ ವರ್ಷ ಇನ್ನೊಂದು ಕೆಲಸ ಶುರುವಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಮುಂದಾಳತ್ವದಲ್ಲಿ ಘಾನಾ, ಭಾರತ, ಮಲಾವಿ, ನೈಜೀರಿಯಾ, ಟಾಂಜಾನಿಯಾ ದೇಶಗಳ ತಲಾ ಒಂದು ಆಸ್ಪತ್ರೆ ಒಂದೇ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದವು: ಮಗು ಸ್ಟೇಬಲ್ ಆಗುವ ತನಕ ಯಾಕೆ ಕಾಯಬೇಕು? ಹುಟ್ಟಿದ ಕೂಡಲೇ ಎದೆಗೆ ಕಟ್ಟಿದರೆ ಏನಾಗುತ್ತದೆ? 1 ಕಿಲೋದಿಂದ 1.8 ಕಿಲೋ ಒಳಗಿನ 3,211 ಮಕ್ಕಳು ಆ ಅಧ್ಯಯನದಲ್ಲಿದ್ದರು. ಹಳೆಯ ಕ್ರಮದ ಗುಂಪಿನಲ್ಲಿ 28 ದಿನದೊಳಗೆ ತೀರಿಕೊಂಡ ಮಕ್ಕಳು ನೂರಕ್ಕೆ 15.7, ಕೂಡಲೇ ಎದೆಗೆ ಕಟ್ಟಿದ ಗುಂಪಿನಲ್ಲಿ 12. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ, ಇನ್ನು ಮುಂದೆ ಅರ್ಧ ಮಕ್ಕಳನ್ನು ಇದರಿಂದ ದೂರ ಇಡುವುದು ನ್ಯಾಯವಲ್ಲ ಎಂದು ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. 2021ರಲ್ಲಿ ಫಲಿತಾಂಶ ಬಂತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಶಿಫಾರಸನ್ನೇ ಬದಲಿಸಿತು.

ಈ ಅಂಕಿಗಳನ್ನು ಓದಿದ ರಾತ್ರಿ ನಾನು ತುಂಬಾ ಹೊತ್ತು ಮಗಳ ಪಕ್ಕ ಕೂತಿದ್ದೆ. ನನ್ನ ಆ ಎಂಟು ದಿನಗಳನ್ನು ಯಾರೂ ಬೇಕೆಂದು ಕಿತ್ತುಕೊಂಡಿರಲಿಲ್ಲ. ಗೊತ್ತಿಲ್ಲದ್ದು ಗೊತ್ತಿರಲಿಲ್ಲ, ಅಷ್ಟೇ. ಆದರೆ 1978ರಿಂದ 2022ಕ್ಕೆ ಎಷ್ಟು ವರ್ಷ? ನಲವತ್ತನಾಲ್ಕು. ಇಷ್ಟು ಕಾಲ ಹಿಡಿದದ್ದಕ್ಕೆ ಒಂದು ಕಾರಣ ಮೊಂಡುತನವೇ ಎಂದು ನಾನು ಈಗಲೂ ನಂಬುತ್ತೇನೆ. ಬಡ ದೇಶದ ಆಸ್ಪತ್ರೆಯೊಂದು ಉಳಿದ ಜಗತ್ತಿಗೆ ಪಾಠ ಹೇಳಬಲ್ಲದು ಎಂದು ಒಪ್ಪಿಕೊಳ್ಳಲು ಆಗದ ಮೊಂಡುತನ. ಇನ್ನೊಂದು ಕಾರಣ ಇನ್ನೂ ಸಣ್ಣದು, ಆದರೆ ಅಷ್ಟೇ ಗಟ್ಟಿ. ತಾಯಿಗೆ ಮಂಚ ಹಾಕಲು ಒಳಗೆ ಜಾಗವೇ ಇರುತ್ತಿರಲಿಲ್ಲ. ಆ ಐದು ಆಸ್ಪತ್ರೆಗಳು ಮೊದಲು ಮಾಡಬೇಕಾಗಿ ಬಂದದ್ದೂ ಅದನ್ನೇ: ಎನ್‌ಐಸಿಯು ಒಳಗೆ ತಾಯಿಗೂ ಒಂದು ಹಾಸಿಗೆ, ಅವಳ ಬಾಣಂತನದ ಆರೈಕೆಯೂ ಅಲ್ಲೇ. ಹೆರಿಗೆ ವಿಭಾಗದವರೂ ಮಕ್ಕಳ ವಿಭಾಗದವರೂ ಒಟ್ಟಿಗೆ ಕೂತು ಮಾತಾಡದೆ ಇದು ಆಗುವ ಮಾತಲ್ಲ.

ಅಂತರರಾಷ್ಟ್ರೀಯ ಸಹಕಾರ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಸಾಲಾಗಿ ನಿಂತ ಬಾವುಟಗಳು, ಉದ್ದನೆಯ ಮೇಜು, ಸಹಿ, ಚಪ್ಪಾಳೆ. ಓದುತ್ತಾ ಹೋದ ಹಾಗೆ ನನಗೆ ಕಂಡದ್ದೇ ಬೇರೆ. ಬೇರೆ ಬೇರೆ ದೇಶದವರು ಒಂದು ಸಣ್ಣ ಕೆಲಸವನ್ನು ಒಂದೇ ರೀತಿ ಮಾಡಲು ಒಪ್ಪಿಕೊಂಡು, ಆ ಒಪ್ಪಂದಕ್ಕೆ ವರ್ಷಗಟ್ಟಲೆ ಬದ್ಧರಾಗಿರುವುದೇ ಅದರ ತಿರುಳು. ಇಲ್ಲದಿದ್ದರೆ ಎತ್ತು ಏರಿಗೆ, ಕೋಣ ನೀರಿಗೆ.

ಮಗುವಿನ ಬೆಳವಣಿಗೆಯ ಚಾರ್ಟನ್ನೇ ನೋಡಿ. ಲಸಿಕೆ ಹಾಕಿಸಲು ಹೋದಾಗಲೆಲ್ಲ ತೂಕ, ಉದ್ದ ಅಳೆದು ಗೆರೆಯ ಮೇಲೆ ಚುಕ್ಕೆ ಇಡುತ್ತಾರಲ್ಲ, ಆ ಗೆರೆ ಯಾವ ಮಕ್ಕಳದ್ದು ಎಂದು ನಾವು ಕೇಳಿಕೊಳ್ಳುವುದಿಲ್ಲ. 1970ರ ದಶಕದ ಕೊನೆಯಿಂದ ಜಗತ್ತಿನ ಬಹುಪಾಲು ಕಡೆ ಬಳಕೆಯಲ್ಲಿದ್ದ ಚಾರ್ಟಿನಲ್ಲಿ ಎಳೆ ಕೂಸುಗಳ ಗೆರೆ ಅಮೆರಿಕದ ಓಹಾಯೊ ರಾಜ್ಯದ ಒಂದು ಪ್ರದೇಶದ ಮಕ್ಕಳದ್ದು. ಅವರಲ್ಲಿ ಹೆಚ್ಚಿನವರು ಬಾಟಲಿ ಹಾಲು ಕುಡಿದು ಬೆಳೆದವರು. ಎದೆಹಾಲು ಕುಡಿಯುವ ಮಗು ಮೊದಲ ಎರಡು ಮೂರು ತಿಂಗಳು ಚೆನ್ನಾಗಿ ಮೈತುಂಬಿಕೊಂಡು, ಆಮೇಲೆ ಬಾಟಲಿ ಹಾಲಿನ ಮಗುವಿಗಿಂತ ನಿಧಾನವಾಗಿ ತೂಕ ಏರಿಸುತ್ತದೆ. ಅದರ ಸಹಜ ನಡೆಯೇ ಅದು. ಆದರೆ ಆ ಚಾರ್ಟಿನ ಮೇಲೆ ಅದು ಸೊರಗಿದಂತೆ ಕಾಣುತ್ತಿತ್ತು. ‘ನಿಮ್ಮ ಹಾಲು ಸಾಲುತ್ತಿಲ್ಲ’ ಎನ್ನಿಸಿಕೊಂಡು, ಅಳುತ್ತಾ ಡಬ್ಬಿ ಹಾಲು ಶುರುಮಾಡಿದ ತಾಯಂದಿರು ಎಷ್ಟು ದೇಶಗಳಲ್ಲಿ ಎಷ್ಟು ಮಂದಿ ಇದ್ದರೋ. ತಪ್ಪು ಅವರ ಎದೆಯಲ್ಲಿರಲಿಲ್ಲ, ಗೆರೆಯಲ್ಲಿತ್ತು.

ಆ ಗೆರೆಯನ್ನು ಅಳಿಸಿ ಹೊಸದು ಎಳೆಯಲು 1997ರಿಂದ 2003ರವರೆಗೆ ಆರು ದೇಶಗಳು ಸೇರಿದವು: ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ. ಸುಮಾರು 8,500 ಮಕ್ಕಳು. ಈ ಕೆಲಸದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಅಳತೆಯ ರೀತಿ. ಒಂದೇ ಮಗುವನ್ನು ಇಬ್ಬರು, ಒಬ್ಬರ ಅಳತೆ ಇನ್ನೊಬ್ಬರಿಗೆ ಕಾಣದ ಹಾಗೆ, ಬೇರೆ ಬೇರೆಯಾಗಿ ಅಳೆಯಬೇಕು. ಆಮೇಲೆ ಎರಡನ್ನೂ ಹೋಲಿಸಬೇಕು. ತೂಕದಲ್ಲಿ 100 ಗ್ರಾಂ, ಉದ್ದದಲ್ಲಿ 7 ಮಿಲಿಮೀಟರ್, ತಲೆಯ ಸುತ್ತಳತೆಯಲ್ಲಿ 5 ಮಿಲಿಮೀಟರ್ ಮೀರಿ ವ್ಯತ್ಯಾಸ ಬಂದರೆ ಇಬ್ಬರೂ ಮತ್ತೆ ಅಳೆಯಬೇಕು. ಕಾಲು ಒದೆಯುವ, ಬೆನ್ನು ಸೆಟೆಸುವ ಕೂಸನ್ನು ಅಳತೆ ಹಲಗೆಯ ಮೇಲೆ ಮಲಗಿಸಿ, ಒಬ್ಬರು ತಲೆ ಹಿಡಿದು ಇನ್ನೊಬ್ಬರು ಮಂಡಿಯನ್ನು ಮೆಲ್ಲಗೆ ಒತ್ತಿ ಹಿಮ್ಮಡಿಗೆ ಪಟ್ಟಿ ತಾಗಿಸುವುದು ಎಷ್ಟು ನಾಜೂಕಿನ ಕೆಲಸ ಎಂದು ಮಾಡಿದವರಿಗೇ ಗೊತ್ತು. ಮಸ್ಕತ್‌ನಲ್ಲೂ ಆಸ್ಲೋದಲ್ಲೂ ಅಕ್ರಾದಲ್ಲೂ ಅದೇ ರೀತಿ, ಅದೇ ಒತ್ತಡ, ಅದೇ ತಾಳ್ಮೆ.

ಕೊನೆಗೆ ಕಂಡದ್ದೇನು? ಚೆನ್ನಾಗಿ ಉಂಡು, ಎದೆಹಾಲು ಕುಡಿದು, ರೋಗರುಜಿನದಿಂದ ದೂರ ಉಳಿದ ಮಕ್ಕಳು ಯಾವ ದೇಶದವರಾದರೂ ಹೆಚ್ಚು ಕಡಿಮೆ ಒಂದೇ ರೀತಿ ಬೆಳೆಯುತ್ತಾರೆ. ಉದ್ದದಲ್ಲಿ ಕಂಡ ವ್ಯತ್ಯಾಸದಲ್ಲಿ ದೇಶದಿಂದ ದೇಶಕ್ಕೆ ಇದ್ದದ್ದು ನೂರಕ್ಕೆ 3 ಪಾಲು ಮಾತ್ರ. ಒಂದೇ ಊರಿನ ಒಂದು ಮಗುವಿಗೂ ಇನ್ನೊಂದಕ್ಕೂ ನಡುವೆ ಇದ್ದದ್ದು 70. 2006ರಲ್ಲಿ ಹೊಸ ಚಾರ್ಟು ಬಂತು. ‘ಅವರ ಮಕ್ಕಳು ಗಿಡ್ಡ, ಅದು ಅವರ ಜಾತಿಗುಣ’ ಎಂದು ಯಾವ ಜನರ ಬಗ್ಗೆಯಾಗಲಿ ಹೇಳಿ ಕೈತೊಳೆದುಕೊಳ್ಳುವುದು ಅಂದಿನಿಂದ ಕಷ್ಟವಾಯಿತು. ಐದು ವರ್ಷದೊಳಗಿನ ಮಕ್ಕಳು ಕುಂಠಿತರಾಗಿದ್ದರೆ ಕೇಳಬೇಕಾದ್ದು ಊಟದ ಬಗ್ಗೆ, ನೀರಿನ ಬಗ್ಗೆ, ಸೋಂಕಿನ ಬಗ್ಗೆ, ತಾಯಿಯ ಆರೋಗ್ಯದ ಬಗ್ಗೆ.

ಅದೇ ಅಧ್ಯಯನದವರು, ಬ್ರೆಜಿಲ್ ಬಿಟ್ಟು ಉಳಿದ ಐದು ದೇಶಗಳಲ್ಲಿ, ಮಕ್ಕಳು ಯಾವಾಗ ಕೂರುತ್ತಾರೆ, ಯಾವಾಗ ನಡೆಯುತ್ತಾರೆ ಎಂದೂ ಬರೆದಿಟ್ಟರು. ಆಸರೆಯಿಲ್ಲದೆ ನಡೆಯುವುದು 8.2 ತಿಂಗಳಿಂದ 17.6 ತಿಂಗಳ ನಡುವೆ ಯಾವಾಗ ಬೇಕಾದರೂ ಆಗಬಹುದು. ಕೆಲವು ಮಕ್ಕಳು ಅಂಬೆಗಾಲನ್ನೇ ಇಡುವುದಿಲ್ಲ, ನೇರ ಎದ್ದು ನಿಲ್ಲುತ್ತಾರೆ. ನನ್ನ ಮಗಳು ಹದಿನಾರನೇ ತಿಂಗಳಲ್ಲಿ ಹೆಜ್ಜೆ ಇಟ್ಟಳು, ಬೇಗ ಹುಟ್ಟಿದ ಎರಡು ತಿಂಗಳನ್ನು ಕಳೆದರೆ ಹದಿನಾಲ್ಕು. ‘ಇನ್ನೂ ನಡೆದಿಲ್ವಾ?’ ಎಂದು ಕೇಳುತ್ತಿದ್ದ ಬಂಧುಗಳಿಗೆ ತೋರಿಸಲು ನನ್ನ ಹತ್ತಿರ ಐದು ದೇಶದ ಮಕ್ಕಳ ಸಾಕ್ಷಿ ಇತ್ತು. ತೋರಿಸಲಿಲ್ಲ. ನನಗೆ ಗೊತ್ತಿದ್ದದ್ದೇ ಸಾಕಾಗಿತ್ತು.

ಮಗು ಬದುಕುವುದು, ಬೆಳೆಯುವುದು ಒಂದು ಮಾತು. ಮಗುವಿನ ಜೊತೆ ಮಾತಾಡುವುದು, ಆಡುವುದು ಇನ್ನೊಂದು. ಅದೂ ಆರೈಕೆಯೇ, ಊಟದಷ್ಟೇ ಅಗತ್ಯ ಎನ್ನುವುದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದ್ದು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ. 1986ರಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಎಂಬ ವೈದ್ಯೆ ಮತ್ತು ಅವರ ಜೊತೆಯವರು ಬೆಳವಣಿಗೆ ಕುಂಠಿತವಾಗಿದ್ದ 129 ಮಕ್ಕಳನ್ನು ಆರಿಸಿಕೊಂಡರು. ಅವರಲ್ಲಿ ಕೆಲವರ ಮನೆಗೆ ವಾರಕ್ಕೊಮ್ಮೆ ಆರೋಗ್ಯ ಕಾರ್ಯಕರ್ತೆಯೊಬ್ಬರು ಹೋಗಿ ಒಂದು ಗಂಟೆ ಕೂರುತ್ತಿದ್ದರು. ಚೀಲದಲ್ಲಿ ಬಿಸಾಡಿದ ವಸ್ತುಗಳಿಂದ ಮಾಡಿದ ಆಟಿಕೆಗಳು. ಕಾರ್ಯಕರ್ತೆ ಮಗುವಿಗೆ ಪಾಠ ಹೇಳುತ್ತಿರಲಿಲ್ಲ. ತಾಯಿಗೆ ಮಗುವಿನ ಜೊತೆ ಆಡುವುದನ್ನು ತೋರಿಸಿ, ತಾಯಿ ಆಡಿದಾಗ ‘ಚೆನ್ನಾಗಿ ಮಾಡಿದಿರಿ’ ಎನ್ನುತ್ತಿದ್ದರು. ಆಟಿಕೆಯನ್ನು ವಾರವಿಡೀ ಅಲ್ಲೇ ಬಿಟ್ಟು, ಮುಂದಿನ ವಾರ ಬೇರೆಯದನ್ನು ಕೊಡುತ್ತಿದ್ದರು. ಎರಡು ವರ್ಷ ಇಷ್ಟೇ. ಇಪ್ಪತ್ತು ವರ್ಷದ ಮೇಲೆ ನೋಡಿದರೆ, ಆ ಗಂಟೆ ಸಿಕ್ಕ ಮಕ್ಕಳ ದುಡಿಮೆ ಸಿಗದವರಿಗಿಂತ ನೂರಕ್ಕೆ 25ರಷ್ಟು ಹೆಚ್ಚಿತ್ತು. 129 ಸಣ್ಣ ಸಂಖ್ಯೆ, ಒಪ್ಪುತ್ತೇನೆ. ಆದರೆ ಅದೇ ಪಾಠಕ್ರಮ ಬಾಂಗ್ಲಾದೇಶ, ಕೊಲಂಬಿಯಾ, ಪೆರುಗಳಿಗೆ ಹೋಗಿ ಅಲ್ಲಿನ ಹಾಡು, ಅಲ್ಲಿನ ಚಿತ್ರ, ಅಲ್ಲಿ ಕೈಗೆ ಸಿಗುವ ವಸ್ತುಗಳನ್ನು ತುಂಬಿಕೊಂಡು ಬದುಕಿದೆ. ಹಾಡು ಬದಲಾಗಬಹುದು. ಪ್ರತಿ ವಾರ ಹೋಗುವುದು, ತಾಯಿಯನ್ನು ಬೈಯದಿರುವುದು, ಇವೆರಡು ಬದಲಾಗಬಾರದು. ಹಣ ಉಳಿಸಲು ವಾರದ ಭೇಟಿಯನ್ನು ತಿಂಗಳಿಗೊಮ್ಮೆ ಮಾಡಿದರೆ ಉಳಿಯುವುದು ಹೆಸರು ಮಾತ್ರ.

ಇಂಥ ಕೆಲಸ ಎಷ್ಟು ಬೇಗ ನಿಂತುಹೋಗಬಲ್ಲದು ಎನ್ನುವುದನ್ನೂ ನೋಡಿದ್ದೇವೆ. 1984ರಿಂದ ತೊಂಬತ್ತು ದೇಶಗಳಲ್ಲಿ ಮನೆಮನೆಗೆ ಹೋಗಿ ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಉಳಿದರು ಎಂದು ಬರೆದುಕೊಳ್ಳುತ್ತಿದ್ದ ಸಮೀಕ್ಷೆಯೊಂದು 2025ರ ಆರಂಭದಲ್ಲಿ ಅಮೆರಿಕ ಸರ್ಕಾರ ವಿದೇಶಿ ನೆರವನ್ನು ತಡೆಹಿಡಿದಾಗ ಥಟ್ಟನೆ ನಿಂತಿತು. ಒಬ್ಬರ ಜೇಬನ್ನೇ ನಂಬಿ ಎಲ್ಲರ ಮಕ್ಕಳ ಲೆಕ್ಕ ಇಡಬಾರದು.

ಈಗ ನನ್ನ ಪಾಲಿನ ಸಣ್ಣ ಕೆಲಸಕ್ಕೆ ಬರುತ್ತೇನೆ. ನಾನು ವೃತ್ತಿಯಿಂದ ಅನುವಾದಕಿ. ಮೂರು ವರ್ಷದ ಹಿಂದೆ ಹಲವು ದೇಶಗಳ ದಾದಿಯರು, ವೈದ್ಯರು, ಚಿತ್ರಕಾರರು ಇರುವ ಒಂದು ಗುಂಪನ್ನು ಸೇರಿಕೊಂಡೆ. ಹೊಸ ತಾಯಿ ತಂದೆಯರಿಗಾಗಿ ಚಿತ್ರದ ಕಾರ್ಡುಗಳು, ಒಂದೇ ಚಿತ್ರ, ಹಲವು ಭಾಷೆ. ಒಬ್ಬರಿಗೆ ಬೆಳಗಾದಾಗ ಇನ್ನೊಬ್ಬರಿಗೆ ನಡುರಾತ್ರಿ, ಹಾಗಾಗಿ ಸಭೆಯಲ್ಲಿ ಯಾರಾದರೊಬ್ಬರು ಆಕಳಿಸುತ್ತಲೇ ಇರುತ್ತಾರೆ. ಒಂದು ಸಭೆಯಲ್ಲಿ ತಾಯಿ ಮಗುವಿನ ಚಿತ್ರ ತೋರಿಸಿದಾಗ ಎಲ್ಲರೂ ಚೆನ್ನಾಗಿದೆ ಎಂದೆವು. ಯಾವಾಗಲೂ ಕಡಿಮೆ ಮಾತಾಡುವ ದಾದಿಯೊಬ್ಬರು, “ಮಗು ತಾಯಿಯನ್ನು ನೋಡುತ್ತಿದೆ. ತಾಯಿ ಎಲ್ಲಿ ನೋಡುತ್ತಿದ್ದಾಳೆ?” ಎಂದು ಕೇಳಿದರು. ತಾಯಿ ನಮ್ಮ ಕಡೆ ನೋಡಿ ನಗುತ್ತಿದ್ದಳು, ಫೋಟೊಗೆ ನಿಂತವಳ ಹಾಗೆ. ಚಿತ್ರಕಾರ ಅವಳ ಕತ್ತನ್ನು ಎರಡು ಬೆರಳಷ್ಟು ತಿರುಗಿಸಿ ಮತ್ತೆ ಬರೆದರು. ಕಾರ್ಡಿನ ಅರ್ಥವೇ ಬದಲಾಯಿತು.

2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ವಿಶ್ವ ಬ್ಯಾಂಕ್ ಮೊದಲಾದವರು ಸೇರಿ ಪುಟ್ಟ ಮಕ್ಕಳಿಗೆ ಬೇಕಾದ್ದು ಐದು ಎಂದು ಒಂದು ಚೌಕಟ್ಟು ಹಾಕಿಕೊಟ್ಟರು: ಆರೋಗ್ಯ, ಆಹಾರ, ಸುರಕ್ಷತೆ, ಕಲಿಯುವ ಅವಕಾಶ, ಇವುಗಳ ಜೊತೆಗೆ ‘ಸ್ಪಂದನಶೀಲ ಆರೈಕೆ’. ಈ ಕೊನೆಯದನ್ನು ಕನ್ನಡಕ್ಕೆ ತರುವಾಗ ನಾನು ಮೊದಲು ಬರೆದದ್ದು ಇದೇ ಮಾತನ್ನು. ಸರಿಯಾಗಿಯೇ ಇದೆ, ಆದರೆ ನಡುರಾತ್ರಿ ಅಳುವ ಮಗುವನ್ನು ಹೊತ್ತುಕೊಂಡವಳಿಗೆ ಇದು ಏನನ್ನೂ ಹೇಳುವುದಿಲ್ಲ. ವಾರವೆಲ್ಲ ತಡಕಾಡಿದ ಮೇಲೆ ಹಳೆಯ ಮಾತೊಂದು ನಾಲಿಗೆಗೆ ಬಂತು: ಓಗೊಡುವುದು. ದೂರದಿಂದ ಯಾರಾದರೂ ಕರೆದಾಗ ‘ಓ’ ಎನ್ನುತ್ತೇವಲ್ಲ, ಅದು. ಕೆಲಸ ಮುಗಿಸಿ ಬರುವುದು ಆಮೇಲೆ. ಕೇಳಿಸಿತು, ಇದ್ದೇನೆ ಎನ್ನುವುದು ಮೊದಲು.

ಓಗೊಡದಿದ್ದರೆ ಏನಾಗುತ್ತದೆ ಎನ್ನುವುದನ್ನು ರೊಮೇನಿಯಾ ಕಂಡಿದೆ. 1989ರ ಕೊನೆಯಲ್ಲಿ ಸರ್ವಾಧಿಕಾರಿ ಚೌಷೆಸ್ಕುವಿನ ಆಡಳಿತ ಬಿದ್ದಾಗ ಅಲ್ಲಿನ ಅನಾಥಾಲಯಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಕೂಸುಗಳ ಕೋಣೆಗೆ ಹೋದವರನ್ನು ಬೆಚ್ಚಿಬೀಳಿಸಿದ್ದು ಅಲ್ಲಿನ ನಿಶ್ಶಬ್ದ. ಅತ್ತರೆ ಯಾರೂ ಬರುವುದಿಲ್ಲ ಎಂದು ಕಲಿತ ಮಕ್ಕಳು ಅಳುವುದನ್ನೇ ಬಿಟ್ಟಿದ್ದರು. 2000ದಿಂದ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಜೀನಾ ಎಂಬ ಮೂವರು ಅಮೆರಿಕನ್ ಸಂಶೋಧಕರು ಬುಖಾರೆಸ್ಟ್‌ನ ಸಹೋದ್ಯೋಗಿಗಳ ಜೊತೆ ಅಂಥ 136 ಮಕ್ಕಳ ಮೇಲೆ ಅಧ್ಯಯನ ಶುರುಮಾಡಿ, ಅರ್ಧದಷ್ಟು ಮಕ್ಕಳನ್ನು ಸಾಕು ಕುಟುಂಬಗಳಿಗೆ ಕಳಿಸಿದರು. ಮನೆ ಸಿಕ್ಕ ಮಕ್ಕಳು ಚೇತರಿಸಿಕೊಂಡರು. ಎರಡು ವರ್ಷ ತುಂಬುವ ಮೊದಲು ಹೋದವರು ಹಲವು ವಿಷಯಗಳಲ್ಲಿ ಇನ್ನೂ ಹೆಚ್ಚು. 2004ರಲ್ಲಿ ರೊಮೇನಿಯಾ ಎರಡು ವರ್ಷದೊಳಗಿನ ಮಕ್ಕಳನ್ನು, ತೀವ್ರ ಅಂಗವೈಕಲ್ಯ ಇದ್ದವರನ್ನು ಬಿಟ್ಟು, ಸಂಸ್ಥೆಗಳಲ್ಲಿ ಇಡಬಾರದೆಂದು ಕಾನೂನು ಮಾಡಿತು.

ನಮ್ಮ ಕಾರ್ಡಿನಲ್ಲಿ ‘ಮಗು ಕರೆದಾಗ ಓಗೊಡಿ’ ಎಂದು ಬರೆದೆ. ಅಚ್ಚಿಗೆ ಹಾಕುವ ಮೊದಲು ಹತ್ತಾರು ತಾಯಂದಿರಿಗೆ ತೋರಿಸಿ ಕೇಳುವುದು ನಮ್ಮ ಪದ್ಧತಿ. ಒಬ್ಬ ಹುಡುಗಿ, ಇಪ್ಪತ್ತೂ ದಾಟಿರಲಿಕ್ಕಿಲ್ಲ, ಕಾರ್ಡನ್ನು ಎರಡು ಸಲ ಓದಿ ನನ್ನ ಮುಖ ನೋಡಿದಳು. “ಅಕ್ಕಾ, ಇದಕ್ಕಿನ್ನೂ ಮಾತೇ ಬರಲ್ವಲ್ಲ. ಹೆಂಗೆ ಕರೆಯುತ್ತೆ?”

ಮೂರು ವರ್ಷದಲ್ಲಿ ನಮ್ಮ ಗುಂಪಿನ ಯಾರಿಗೂ ಈ ಪ್ರಶ್ನೆ ಹೊಳೆದಿರಲಿಲ್ಲ. ಅವಳ ತೊಡೆಯ ಮೇಲೆ ಮಗು ಎಚ್ಚರವಾಗಿತ್ತು. ನಾವಿಬ್ಬರೂ ಅದನ್ನೇ ನೋಡುತ್ತಾ ಕೂತೆವು. ತುಟಿ ಚೂಪು ಮಾಡಿತು. ಮುಷ್ಟಿಯನ್ನು ಬಾಯಿಗೆ ತಂದಿತು. ಅವಳು ನನ್ನ ಜೊತೆ ಮಾತಾಡುತ್ತಿದ್ದಾಗ ಅವಳ ದನಿಯ ಕಡೆ ತಲೆ ಹೊರಳಿಸಿತು. ಸ್ವಲ್ಪ ಹೊತ್ತಾದ ಮೇಲೆ ಕತ್ತು ಅತ್ತ ತಿರುಗಿಸಿ, ಹುಬ್ಬು ಗಂಟಿಕ್ಕಿ, ಬೆರಳುಗಳನ್ನೆಲ್ಲ ಅಗಲಿಸಿತು. “ಇದು ಸಾಕು ಅಂತಾನಾ?” ಎಂದು ಅವಳೇ ಕೇಳಿ, ಅವಳೇ ಮಗುವನ್ನು ಬೆಳಕಿನಿಂದ ಈಚೆಗೆ ತಿರುಗಿಸಿಕೊಂಡಳು.

ಆ ನಾಲ್ಕನ್ನೂ ಕಾರ್ಡಿನ ಹಿಂಬದಿಯಲ್ಲಿ ನಾಲ್ಕು ಸಣ್ಣ ಚಿತ್ರಗಳಾಗಿ ಬರೆಸಿದೆವು. ಹೋದ ವಾರದ ಸಭೆಯಲ್ಲಿ ತೋರಿಸಿದಾಗ ಉಳಿದ ಭಾಷೆಗಳವರೂ ತಮ್ಮ ಕಾರ್ಡಿಗೆ ಕೇಳಿದರು. ಅವತ್ತು ಕತ್ತು ತಿರುಗಿಸಲು ಹೇಳಿದ ಆ ದಾದಿ, ಮೂರನೇ ಚಿತ್ರದಲ್ಲಿ ಮಗುವಿನ ಕಣ್ಣು ಇನ್ನಷ್ಟು ಅಗಲ ತೆರೆದಿರಬೇಕು ಎಂದಿದ್ದಾರೆ. ಚಿತ್ರಕಾರ ಅದನ್ನು ತಿದ್ದುತ್ತಿದ್ದಾರೆ.